ಜಪಾನ್ ಹತ್ತಿರ, ಅತ್ತಿಬೆಲೆ ದೂರ

ಫೆಬ್ರವರಿ ಬಂತೆಂದರೆ ನಮ್ಮ ಬೇರಿಕೆ ಸೀಮೆಯಲ್ಲಿ ಪ್ರೇಮ ಉಕ್ಕಿ ಹರಿಯುತ್ತದೆ. ಹುಡುಗ ಹುಡುಗಿಯರ ಎದೆಯ ಸಮಾಚಾರ ನನಗೆ ಗೊತ್ತಿಲ್ಲ, ನಾನು ಹೇಳುತ್ತಿರುವುದು ಪಾಲಿಹೌಸಿನ ವಿಷಯ. ಜನವರಿ ಕೊನೆಯಿಂದಲೇ ಗುಲಾಬಿ ದಂಟು ಕತ್ತರಿಸಿ, ಉದ್ದ ನೋಡಿ ವಿಂಗಡಿಸಿ, ಇಪ್ಪತ್ತಿಪ್ಪತ್ತರ ಕಟ್ಟು ಕಟ್ಟಿ, ತಂಪು ಕೋಣೆಯಲ್ಲಿಟ್ಟು, ರಾತ್ರಿ ಲಾರಿ ಹತ್ತಿಸುತ್ತಾರೆ. ಬೇರಿಕೆ, ಬಾಗಲೂರು, ತಳಿ ಕಡೆಯ ಕೆಂಪು ಗುಲಾಬಿ ಸಿಂಗಪುರಕ್ಕೂ ಆಸ್ಟ್ರೇಲಿಯಕ್ಕೂ ಯೂರೋಪಿಗೂ ಹಾರುತ್ತದೆ. ಅಲ್ಲೆಲ್ಲೋ ಒಬ್ಬ ಹುಡುಗ ಆ ಹೂ ಹಿಡಿದು ಮಂಡಿಯೂರುವ ಹೊತ್ತಿಗೆ ಇಲ್ಲಿ ನಮ್ಮ ದೊಡ್ಡಪ್ಪ ಬೋರಿನ ಮುಂದೆ ಮಂಡಿಯೂರಿ ಕೂತು ಪೈಪಿಗೆ ಕಿವಿ ಕೊಟ್ಟಿರುತ್ತಾರೆ. ಸಾವಿರ ಅಡಿ ದಾಟಿದ ಬೋರು ಅದು. ನೀರು ಬರುವಾಗ ಒಂದು ಸದ್ದು, ಗಾಳಿ ಬರುವಾಗ ಒಂದು ಸದ್ದು. ಎರಡಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿರುವಷ್ಟು ಯಾವ ವಿದ್ವಾಂಸರಿಗೆ ರಾಗದ ವ್ಯತ್ಯಾಸ ಗೊತ್ತಿದ್ದೀತು?

"ಏನ್ ದೊಡ್ಡಪ್ಪ, ಈ ಸಲ ಹೂವು ಯಾವ ದೇಶಕ್ಕೆ?" ಎಂದು ಕೇಳಿದೆ.

"ಯಾವ ದೇಶಕ್ಕಾದ್ರೂ ಓಗ್ಲಿ ಬಿಡಪ್ಪ. ನೀರು ಯಾವ ದೇಶದಿಂದ ಬತ್ತದೆ, ಅದನ್ನೇಳು."

ಅವರು ತಮಾಷೆಗೆ ಹೇಳಿದರು. ನಾನು ಓದಿದವನಾದ್ದರಿಂದ ಅದನ್ನು ಗಂಭೀರವಾಗಿ ತೆಗೆದುಕೊಂಡೆ. ಪರಿಸರ ಉಳಿಸಲು ದೇಶ ದೇಶಗಳು ಕೈ ಜೋಡಿಸಬೇಕೆಂದು ಸ್ಟಾಕ್‌ಹೋಮಿನಲ್ಲಿ 1972ರಲ್ಲೂ, ರಿಯೊದಲ್ಲಿ 1992ರಲ್ಲೂ, ಪ್ಯಾರಿಸಿನಲ್ಲಿ 2015ರಲ್ಲೂ ನಿರ್ಣಯವಾಗಿದೆ. ಆ ಜೋಡಿಸಿದ ಕೈಗಳು ನಮ್ಮೂರಿನವರೆಗೆ ಚಾಚಿವೆಯೇ ಎಂದು ಹುಡುಕಿದೆ. ಹುಡುಕಿದರೆ, ನಂಬಿ, ನಮ್ಮಷ್ಟು ಅಂತರರಾಷ್ಟ್ರೀಯ ಜನ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ಮೊದಲು ಊರಿನ ಹೆಸರು ಹೇಳಿಬಿಡುತ್ತೇನೆ. ನಾವು ಬೇರಿಕೆ ಅನ್ನುತ್ತೇವೆ. ಬಸ್ಸಿನ ಬೋರ್ಡಿನಲ್ಲಿ ತಮಿಳಿನಲ್ಲಿರುವುದನ್ನು ಓದಿದರೆ ಪೇರಿಗೈ, ಅಂದರೆ ನಮ್ಮ ಭೇರಿ, ದೊಡ್ಡ ನಗಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲೂಕು ಕಚೇರಿಯಲ್ಲಿ ತಮಿಳು ಆಡುವ ನಮ್ಮನ್ನು ನೋಡಿದವರು 'ಬೆರಕೆ' ಅಂದರೂ ನಾವು ಬೇಸರಪಡುವುದಿಲ್ಲ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಕೊಯ್ದು ಹಂಚಿದಾಗ ನಮ್ಮ ಹೊಸೂರು ಸೀಮೆ ಮದ್ರಾಸಿನ ಕಡೆ ಉಳಿಯಿತು. ಆಮೇಲೆ ನಾವು ಕೂತಲ್ಲೇ ಕೂತಿದ್ದೇವೆ, ಜಿಲ್ಲೆಗಳು ಮಾತ್ರ ನಮ್ಮ ಮೇಲೆ ಹಾದುಹೋಗುತ್ತಿವೆ: ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಗಡಿಯಾಚೆ ಕರ್ನಾಟಕದ ಮಾಲೂರು ತಾಲೂಕು, ಅಲ್ಲಿ ನೆಂಟರು. ಹೀಗೆ ಮದುವೆಯ ಲಗ್ನಪತ್ರಿಕೆ ಹಂಚಲಿಕ್ಕೇ ರಾಜ್ಯ ದಾಟುವ ಜನಕ್ಕೆ ಅಂತರರಾಷ್ಟ್ರೀಯ ಸಹಕಾರ ಏನು ಮಹಾ.

ಇಸ್ರೇಲಿನಿಂದ ಶುರು ಮಾಡೋಣ. ಪಕ್ಕದ ತಳಿಯಲ್ಲಿ ಭಾರತ-ಇಸ್ರೇಲ್ ಸಹಕಾರದ ಹೂವಿನ ಉತ್ಕೃಷ್ಟತಾ ಕೇಂದ್ರವಿದೆ. ಹೊಸ ತಳಿಯ ಹೂ ಬೆಳೆಸುವುದನ್ನು ಕಲಿಸುವ ಕೇಂದ್ರಕ್ಕೆ ತಳಿ ಎಂಬ ಊರನ್ನೇ ಹುಡುಕಿದ ಅಧಿಕಾರಿಗೆ ಕನ್ನಡ ಬರುತ್ತಿದ್ದಿರಬೇಕು. ಮರುಭೂಮಿಯಲ್ಲಿ ಹನಿ ಹನಿ ಲೆಕ್ಕ ಹಾಕಿ ಬೆಳೆ ತೆಗೆದವರ ವಿದ್ಯೆ ಅದು, ನಿಜಕ್ಕೂ ಒಳ್ಳೆಯದು. ನಮ್ಮವರು ಬೇಗ ಕಲಿತರು. ಹನಿ ನೀರಾವರಿಯಿಂದ ಒಂದು ಎಕರೆಗೆ ಆಗುತ್ತಿದ್ದ ನೀರು ಎರಡು ಎಕರೆಗೆ ಆಗತೊಡಗಿತು. ಆಗತೊಡಗಿದ ಮೇಲೆ ಎರಡನೇ ಎಕರೆಗೂ ಪಾಲಿಹೌಸ್ ಬಂತು. ಉಳಿತಾಯ ಮಾಡಿದ ನೀರನ್ನು ಖರ್ಚು ಮಾಡುವುದು ಹೇಗೆ ಎಂಬುದನ್ನು ಯಾವ ದೇಶದವರೂ ನಮಗೆ ಕಲಿಸಬೇಕಾಗಲಿಲ್ಲ.

ಆಮೇಲೆ ಹಾಲೆಂಡ್. ಗುಲಾಬಿಯ ಹೊಸ ತಳಿ ಬೇಕೆಂದರೆ ಅಲ್ಲಿಯ ತಳಿಗಾರನಿಗೆ ಗಿಡಕ್ಕಿಷ್ಟು ಎಂದು ರಾಯಲ್ಟಿ ಕಟ್ಟಬೇಕು. ನಮ್ಮ ಮಣ್ಣು, ನಮ್ಮ ಬೋರು, ನಮ್ಮ ಬಿಸಿಲು, ನಮ್ಮ ಸಾಲ. ಬಣ್ಣ ಮಾತ್ರ ಅವರದ್ದು. ಹಾಲೆಂಡಿನವರಿಂದ ನಾವು ತರಬೇಕಾಗಿದ್ದ ಇನ್ನೊಂದು ಮಾಲಿದೆ, ಅದರ ಸಂಗತಿಗೆ ಆಮೇಲೆ ಬರುತ್ತೇನೆ. ಈಗ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹೇಳಬೇಕು.

ನೀರು ಜಪಾನಿನಿಂದ ಬರುತ್ತದೆ.

ನಗಬೇಡಿ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ಅದಕ್ಕೆ ಹೊಗೇನಕಲ್ಲಿನಿಂದ ಕಾವೇರಿ ನೀರನ್ನು ಕೊಳವೆಯಲ್ಲಿ ತರುವ 1,928 ಕೋಟಿ ರೂಪಾಯಿಯ ಯೋಜನೆ ಆಯಿತು. 2013ರ ಮೇ 29ರಂದು ಮುಖ್ಯಮಂತ್ರಿ ಜಯಲಲಿತಾ ಉದ್ಘಾಟಿಸಿದರು. ಹಣ ಬಂದದ್ದು ಜಪಾನಿನ ಜೈಕಾ ಸಂಸ್ಥೆಯ ಸಾಲದಿಂದ. ಇದೇ ಯೋಜನೆಯ ಹೆಸರಿನಲ್ಲಿ 2008ರಲ್ಲಿ ಎಷ್ಟು ಗಲಾಟೆಯಾಗಿತ್ತೆಂಬುದು ಈ ಭಾಗದ ಬಸ್ ಪ್ರಯಾಣಿಕರಿಗೆ ನೆನಪಿದೆ. ಬೆಂಗಳೂರಿನಲ್ಲಿ ತಮಿಳು ಸಿನಿಮಾ ನಿಂತವು, ಚೆನ್ನೈಯಲ್ಲಿ ಸಿನಿಮಾದವರು ಉಪವಾಸ ಕೂತರು, ಬಸ್ಸುಗಳು ಅತ್ತ ಕರ್ನಾಟಕದ ಅತ್ತಿಬೆಲೆಯಲ್ಲಿ ಇತ್ತ ತಮಿಳುನಾಡಿನ ಜೂಜುವಾಡಿಯಲ್ಲಿ ಮುಖ ತಿರುಗಿಸಿಕೊಂಡು ನಿಂತವು. ನಡುವೆ ನಾವು ಚೀಲ ಹೊತ್ತು ನಡೆದೆವು. ಕನ್ನಡಿಗನ ಕಾವೇರಿಯೋ ತಮಿಳನ ಕಾವೇರಿಯೋ ಎಂದು ಎರಡೂ ಕಡೆ ಗಂಟಲು ಹರಿಯುವಾಗ ಜಪಾನಿನವರು ಮಾತ್ರ ತಣ್ಣಗೆ ಕೂತು ಬಡ್ಡಿ ಲೆಕ್ಕ ಹಾಕುತ್ತಿದ್ದರು.

ತಮಾಷೆ ಇಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಕಾವೇರಿ ನೀರು ಹೆಚ್ಚುವರಿಯಾಗಿ ತರುವ ಐದನೇ ಹಂತದ ಯೋಜನೆ ತೊರೆಕಾಡನಹಳ್ಳಿಯಲ್ಲಿ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತಲ್ಲ, ಅದಕ್ಕೆ ಸಾಲ ಕೊಟ್ಟವರು ಯಾರು? ಅದೇ ಜೈಕಾ. ಒಂದೇ ಹೊಳೆಯ ನೀರಿಗಾಗಿ ಜಗಳವಾಡುವ ಅಣ್ಣ ತಮ್ಮ ಇಬ್ಬರೂ ಬಿಂದಿಗೆ ಕೊಳ್ಳಲು ಒಬ್ಬನೇ ಸಾಹುಕಾರನ ಹತ್ತಿರ ಕೈಸಾಲ ತಂದ ಹಾಗೆ. ಸಾಹುಕಾರನಿಗೆ ಇಬ್ಬರ ಜಗಳದಲ್ಲೂ ಆಸಕ್ತಿಯಿಲ್ಲ, ಇಬ್ಬರ ಸಹಿಯಲ್ಲಿ ಇದೆ. ಕಾವೇರಿ ವಿವಾದ ಬಗೆಹರಿಯಲು ನ್ಯಾಯಮಂಡಳಿ, ಪ್ರಾಧಿಕಾರ, ಸುಪ್ರೀಂ ಕೋರ್ಟು ಎಲ್ಲ ಸುತ್ತಿದೆವು. ಟೋಕಿಯೋದ ಬ್ಯಾಂಕಿನ ಗುಮಾಸ್ತನೊಬ್ಬ ಎರಡೂ ಕಡತವನ್ನು ಒಂದೇ ಬೀರುವಿನಲ್ಲಿ ಇಟ್ಟಿರುತ್ತಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಈಗ ಆ ನೀರು ಬೆಂಗಳೂರು ಸೇರಿದ ಮೇಲಿನ ಕಥೆ. ಕೊಟ್ಟ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ ಬರುತ್ತದೆಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಪಡುವಣ ಮಗ್ಗುಲಿನ ಕೊಳಚೆ ವೃಷಭಾವತಿ ಹಿಡಿದು ಅರ್ಕಾವತಿ ಮೂಲಕ ಮತ್ತೆ ಕಾವೇರಿಗೇ ಹೋಗುತ್ತದೆ. ಮೂಡಣ ಮಗ್ಗುಲಿನದು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಬೀಳುತ್ತದೆ. ಅಂದರೆ ಕಾವೇರಿ ಕಣಿವೆಯ ನೀರು ಪಿನಾಕಿನಿ ಕಣಿವೆಗೆ ಬಂತು. ದೊಡ್ಡ ದೊಡ್ಡವರು ನದಿ ಜೋಡಣೆಯ ನಕ್ಷೆ ಬಿಡಿಸುತ್ತಾ ದಶಕಗಳನ್ನೇ ಕಳೆದರು. ಬೆಂಗಳೂರಿನ ಜನ ಯಾವ ವರದಿಯೂ ಇಲ್ಲದೆ, ಯಾವ ರಾಜ್ಯದ ಒಪ್ಪಿಗೆಯೂ ಕೇಳದೆ, ದಿನ ಬೆಳಗಾದರೆ ಕಕ್ಕಸಿನ ಸರಪಳಿ ಎಳೆದು ಎರಡು ನದಿಗಳನ್ನು ಜೋಡಿಸಿಬಿಟ್ಟರು.

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಪಿನಾಕಿನಿ ಬಾಗಲೂರು ದಿಕ್ಕಿನಲ್ಲಿ ನಮ್ಮ ಕಡೆ ಇಳಿದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು ಸೇರುತ್ತದೆ. ಬೆಂಗಳೂರಿನಲ್ಲಿ ಜೋರು ಮಳೆಯಾಗಿ, ಇಲ್ಲಿ ಬಾಗಿಲು ಎತ್ತಿದ ದಿನ ನೋಡಬೇಕು ಆ ವೈಭವ. ಸೋಪಿನ ಪುಡಿ, ಕೊಳಚೆ, ಕಾರ್ಖಾನೆಯ ಕಷಾಯ ಎಲ್ಲ ಸೇರಿದ ನೀರು ಮೇಲಿಂದ ಬಿದ್ದು ಕಡೆದು, ಬೆಳ್ಳಗೆ ನೊರೆ ಎದ್ದು, ಆಳೆತ್ತರ ಬೆಳೆದು, ಸೇತುವೆ ಹತ್ತಿ ರಸ್ತೆ ಮುಚ್ಚುತ್ತದೆ. ದೂರದಿಂದ ನೋಡಿದರೆ ಸ್ವಿಟ್ಜರ್ಲೆಂಡಿನ ಹಿಮ. ಮೂಗಿದ್ದವರಿಗೆ ಮಾತ್ರ ಹೊಸೂರು ಎಂದು ಗೊತ್ತಾಗುತ್ತದೆ. ಹೊಗೇನಕಲ್ ಎಂಬ ಅಚ್ಚಗನ್ನಡ ಹೆಸರು ಬಂದದ್ದು ಬಂಡೆಯ ಮೇಲೆ ಬೀಳುವ ನೀರು ಹೊಗೆಯಂತೆ ಏಳುವುದರಿಂದ. ಆ ಲೆಕ್ಕದಲ್ಲಿ ಕೆಲವರಪಳ್ಳಿಗೆ ನೊರೇನಕಲ್ ಅನ್ನಬಹುದು.

ಹೀಗಾಗಿ ಹೊಸೂರಿನವನ ಪುಣ್ಯ ದೊಡ್ಡದು. ಅವನಿಗೆ ಕಾವೇರಿ ಎರಡು ದಾರಿಯಲ್ಲಿ ಬರುತ್ತಾಳೆ. ದಕ್ಷಿಣದಿಂದ ಜಪಾನಿನ ಸಾಲದ ಕೊಳವೆಯಲ್ಲಿ ಲೋಟಕ್ಕೆ. ಉತ್ತರದಿಂದ ಬೆಳ್ಳಂದೂರಿನ ಮೂಲಕ ಹೊಲಕ್ಕೆ. ಮೊದಲನೆಯದಕ್ಕೆ ನಲ್ಲಿ ತೆರಿಗೆ ಇದೆ, ಎರಡನೆಯದು ಉಚಿತ.

ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬೀಡಿ ಹಚ್ಚಿಕೊಂಡು, "ಅಂಗಾದ್ರೆ ಬೆಂಗ್ಳೂರ್ನೋರು ಕುಡುದ್ರೆ ನಮ್ಗೂ ಒಸಿ ಸಿಕ್ತದೆ ಅನ್ನು," ಎಂದರು.

ಎರಡು ಸರ್ಕಾರಗಳು ಸುಮ್ಮನೆ ಕೂತಿವೆ ಎಂದು ನಾನು ಹೇಳುವುದಿಲ್ಲ. ಬಹಳ ಕೆಲಸ ಮಾಡುತ್ತಿವೆ. ಪಿನಾಕಿನಿಯನ್ನು ಸೇರುವ ಮಾರ್ಕಂಡೇಯ ಹೊಳೆಗೆ ಬಂಗಾರಪೇಟೆ ತಾಲೂಕಿನ ಯರಗೋಳದಲ್ಲಿ ಕರ್ನಾಟಕ ಅಣೆ ಕಟ್ಟಿತೆಂದು ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1892ರ ಮದ್ರಾಸು-ಮೈಸೂರು ಒಪ್ಪಂದವನ್ನು ಧೂಳು ಕೊಡವಿ ಹೊರಗೆ ತೆಗೆದರು. 2019ರ ನವೆಂಬರಿನಲ್ಲಿ ತಡೆ ಕೊಡಲು ಕೋರ್ಟು ಒಪ್ಪಲಿಲ್ಲ, ಬೇಕಾದರೆ ನ್ಯಾಯಮಂಡಳಿ ಕೇಳಿ ಎಂದಿತು. 2023ರ ನವೆಂಬರಿನಲ್ಲಿ ಯರಗೋಳದ ಅಣೆಕಟ್ಟು ಉದ್ಘಾಟನೆಯೂ ಆಯಿತು. ಜಗಳ ಹೂಡಿದ್ದು ಅರ್ಧ ಟಿಎಂಸಿ ನೀರಿಗೆ, ಅದೂ ಎಷ್ಟು ಬರಬೇಕು ಎಂಬ ಬಗ್ಗೆ. ಹೇಗೆ ಬರಬೇಕು ಎಂಬುದಕ್ಕೆ ಆ ಜಗಳದಲ್ಲಿ ಜಾಗ ಸಿಕ್ಕಿದ್ದು ಕಡಿಮೆ. 1892ರ ಒಪ್ಪಂದ ಬರೆದ ದೊರೆಗಳಿಗೆ ಹೊಳೆಯಲ್ಲಿ ಸೋಪಿನ ಬುರುಗು ಹರಿಯಬಹುದು ಎಂಬ ಕಲ್ಪನೆಯಿರಲಿಲ್ಲ ಪಾಪ. ಅವರ ಕಾಲದಲ್ಲಿ ನದಿಯಲ್ಲಿ ಹರಿಯುತ್ತಿದ್ದದ್ದು ನೀರು.

ಇನ್ನೂ ಸೊಗಸಾದದ್ದು ಕೋಲಾರದ ಪ್ರಸಂಗ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಾರೆ. ಮೂರನೇ ಹಂತ ಶುದ್ಧ ಮಾಡಿ ಎಂದು ಕೋಲಾರದ ರೈತರು ಹೋರಾಡಿದರು. ಇತ್ತ ವರ್ತೂರಿನ ಕೋಡಿ ನೀರನ್ನು ಕೋಲಾರದತ್ತ ತಿರುಗಿಸಿದರೆ ಪಿನಾಕಿನಿಯ ಹರಿವು ತಗ್ಗುತ್ತದೆ ಎಂದು ಚೆನ್ನೈಯ ತಕರಾರು. ಕೊಳಚೆ ಕಳಿಸಬೇಡಿ ಎಂದು ಒಂದು ಕಾಗದ. ನಮ್ಮ ಪಾಲಿನ ಕೊಳಚೆ ಹಿಡಿದಿಟ್ಟುಕೊಳ್ಳಬೇಡಿ ಎಂದು ಇನ್ನೊಂದು ಕಾಗದ. ಎರಡೂ ನ್ಯಾಯವೇ. ಬೇರೆ ನೀರಿಲ್ಲದ ರೈತನಿಗೆ ಎರಡೂ ನ್ಯಾಯವಾಗಿ ಕಾಣುವುದೇ ಈ ಸೀಮೆಯ ದುರ್ಗತಿ.

ಈಗ ಹಾಲೆಂಡಿಗೆ ಹೋಗೋಣ, ಹೇಳಿದ್ದೆನಲ್ಲ. ಯೂರೋಪಿನ ರೈನ್ ನದಿಯ ಬಾಲದಲ್ಲಿ ಕೂತಿರುವ ದೇಶ ಅದು. ನಾವು ಬೆಂಗಳೂರಿನ ಕೆಳಗೆ ಕೂತಿದ್ದೇವಲ್ಲ, ಹಾಗೆ ಅವರು ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಎಲ್ಲರ ಕೆಳಗೆ ಕೂತವರು. ಫ್ರಾನ್ಸಿನ ಆಲ್ಸೇಸಿನಲ್ಲಿ ಪೊಟ್ಯಾಶ್ ಗಣಿಗಳವರು ಉಪ್ಪಿನ ತ್ಯಾಜ್ಯವನ್ನು ರೈನಿಗೆ ಸುರಿಯುತ್ತಿದ್ದರು. ಕೆಳಗೆ ಹಾಲೆಂಡಿನಲ್ಲಿ ಗಿಡ ಬೆಳೆಸುವ ಒಂದು ನರ್ಸರಿಗೆ ನೀರು ಉಪ್ಪಾಗಿ ಬೆಳೆ ಕೆಟ್ಟಿತು. ನರ್ಸರಿಯವರು ಏನು ಮಾಡಿದರು? ರಸ್ತೆ ತಡೆಯಲಿಲ್ಲ, ಫ್ರೆಂಚ್ ಸಿನಿಮಾ ನಿಲ್ಲಿಸಲಿಲ್ಲ. ಗಣಿಯ ಮೇಲೆ ತಮ್ಮೂರಿನ ಕೋರ್ಟಿನಲ್ಲೇ ದಾವೆ ಹೂಡಿದರು. ಇನ್ನೊಂದು ದೇಶದ ಕಂಪನಿಯ ಮೇಲೆ ನಿಮ್ಮೂರಿನಲ್ಲಿ ಕೇಸು ನಡೆಯುತ್ತದೆಯೇ ಎಂಬ ಪ್ರಶ್ನೆ ಯೂರೋಪಿನ ನ್ಯಾಯಾಲಯಕ್ಕೆ ಹೋಯಿತು. 1976ರ ನವೆಂಬರ್ 30ರಂದು ತೀರ್ಪು ಬಂತು: ವಿಷ ಬಿಟ್ಟ ಊರಿನಲ್ಲೂ ಕೇಸು ಹಾಕಬಹುದು, ಬೆಳೆ ಕೆಟ್ಟ ಊರಿನಲ್ಲೂ ಹಾಕಬಹುದು, ಆಯ್ಕೆ ನಷ್ಟವಾದವನದ್ದು.

ಒಂದು ನರ್ಸರಿ ಸ್ವಾಮಿ! ನಮ್ಮ ಬೇರಿಕೆ ರಸ್ತೆಯ ಎರಡೂ ಬದಿಗೆ ಬೇಲಿಯಂತೆ ನಿಂತಿವೆಯಲ್ಲ, ಅಂಥದ್ದೇ ಒಂದು.

ಇನ್ನೂ ಕೇಳಿ. ರೈನ್ ರಕ್ಷಣೆಗೆ ಐದು ದೇಶಗಳು ಒಂದು ಆಯೋಗ ಕಟ್ಟಿದ್ದು 1950ರಲ್ಲಿ. ಯುದ್ಧ ಮುಗಿದು ಐದು ವರ್ಷ. ಒಬ್ಬರ ಊರನ್ನೊಬ್ಬರು ಸುಟ್ಟ ಬೂದಿ ಇನ್ನೂ ಹಸಿಯಿರುವಾಗ ಜರ್ಮನಿಯವರೂ ಫ್ರಾನ್ಸಿನವರೂ ಹಾಲೆಂಡಿನವರೂ ಒಂದು ಮೇಜಿಗೆ ಕೂತು ನದಿಯ ನೀರನ್ನು ಸೀಸೆಗೆ ತುಂಬಿ ನೋಡಿದರು. ಬಹಳ ವರ್ಷ ನೋಡುತ್ತಲೇ ಇದ್ದರು, ಅದೂ ನಿಜ. ರೈನನ್ನು ಯೂರೋಪಿನ ಮೋರಿ ಎಂದು ಕರೆಯುವವರೆಗೆ ಕಾದರು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕದ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಕೀಟನಾಶಕವನ್ನು ಕೊಚ್ಚಿಕೊಂಡು ಹೊಳೆಗಿಳಿಯಿತು. ರೈನ್ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ತೇಲಿದವು. ಮರುವರ್ಷವೇ ಆ ದೇಶಗಳ ಮಂತ್ರಿಗಳು ಕೂತು ಕಾರ್ಯಕ್ರಮ ಹಾಕಿದರು. 2000ದೊಳಗೆ ಸಾಲ್ಮನ್ ಮೀನು ಈ ಹೊಳೆಗೆ ವಾಪಸ್ ಬರಬೇಕು ಎಂದು ಗುರಿ ಇಟ್ಟರು. ಮೀನು ಬಂತು.

ನಮ್ಮ ಬೆಳ್ಳಂದೂರಿಗೂ ಬೆಂಕಿ ಬಿದ್ದಿತ್ತು, ಮರೆಯಬೇಡಿ. ಅವರದ್ದು ಗೋದಾಮು, ನಮ್ಮದು ಕೆರೆ. ಬೆಂಕಿ ಆರಿಸಬೇಕಾದ ನೀರೇ ಹೊತ್ತಿಕೊಂಡದ್ದು ಜಗತ್ತಿನ ವಿಜ್ಞಾನಕ್ಕೆ ಕನ್ನಡ ನಾಡಿನ ಕೊಡುಗೆ. 2015ರಲ್ಲಿ ನೊರೆ ಹೊತ್ತಿತು. 2017ರಲ್ಲಿ ಮತ್ತೆ ಹೊತ್ತಿತು. 2018ರ ಜನವರಿಯಲ್ಲಿ ಸುಮಾರು 5,000 ಸೈನಿಕರು ಆರಿಸಲು ಇಳಿದರು. ಪ್ರಪಂಚದ ಪತ್ರಿಕೆಗಳಲ್ಲಿ ಚಿತ್ರ ಬಂತು. ಅಲ್ಲಿ ಹಾವುಮೀನು ಸತ್ತಾಗ ಐದು ದೇಶ ಎದ್ದವು. ಇಲ್ಲಿ ಕೆರೆಯೇ ಚಿತೆಯಾದಾಗ ಎದ್ದದ್ದು ಸಮಿತಿಗಳು. ಸಮಿತಿಗಳು ಏಳುವುದು ಮತ್ತೆ ಕೂರುವುದಕ್ಕೆ.

ಇಷ್ಟರ ಮೇಲೆ ನಮ್ಮಲ್ಲಿ ವಿಜ್ಞಾನವಿಲ್ಲ ಎಂದು ಯಾರಾದರೂ ಹೇಳಿದರೆ ಸುಮ್ಮನಿರಲಾರೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಎಂಬ ಉಪಗ್ರಹ ಹಾರಿತು. ಅಮೆರಿಕದ ನಾಸಾ, ನಮ್ಮ ಇಸ್ರೋ ಸೇರಿ ಮಾಡಿದ್ದು. ಒಪ್ಪಂದಕ್ಕೆ ಸಹಿ ಬಿದ್ದದ್ದು 2014ರಲ್ಲಿ. ಅದರ ಅಂಗಾಂಗ ಜೋಡಿಸಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಒಂದು ರೇಡಾರು ಅವರದ್ದು, ಒಂದು ರೇಡಾರು ನಮ್ಮದು. ಎರಡಕ್ಕೂ ಸೇರಿ 12 ಮೀಟರ್ ಅಗಲದ ಒಂದೇ ಛತ್ರಿ. ಏಳುನೂರು ಕಿಲೋಮೀಟರಿಗೂ ಮೇಲಿಂದ, 12 ದಿನಕ್ಕೊಮ್ಮೆ, ಭೂಮಿಯ ನೆಲವನ್ನು ತಡವಿ ನೋಡುತ್ತದೆ. ಹಗಲು ರಾತ್ರಿ ಎನ್ನುವುದಿಲ್ಲ, ಮೋಡವಿದ್ದರೂ ನೋಡುತ್ತದೆ. ಎಲ್ಲಾದರೂ ನೆಲ ಸೆಂಟಿಮೀಟರಿನಷ್ಟು ಕುಸಿದರೂ ಗೊತ್ತಾಗುತ್ತದೆ. ಅಂತರ್ಜಲ ಹೀರಿ ಹೀರಿ ನೆಲ ಕುಗ್ಗುವ ಜಾಗಗಳನ್ನೂ ಗುರುತಿಸುತ್ತದೆ.

ಪಿನಾಕಿನಿಗೆ ಕೊಳಚೆ ಬಿಡುವ ನಗರ ಅದೇ, ಆಕಾಶಕ್ಕೆ ಈ ಕಣ್ಣು ಬಿಟ್ಟ ನಗರವೂ ಅದೇ. ಮೇಲಕ್ಕೆ ಏಳುನೂರು ಕಿಲೋಮೀಟರ್ ಚೆನ್ನಾಗಿ ಕಾಣುತ್ತದೆ. ಕೆಳಕ್ಕೆ ನಲವತ್ತು ಕಿಲೋಮೀಟರ್ ಬಂದರೆ ಹೊಸೂರು, ಅದು ಕಾಣುವುದಿಲ್ಲ. ಇದಕ್ಕೆ ಕಣ್ಣಿನ ವೈದ್ಯರು ಚಾಳೇಶ ಎನ್ನುತ್ತಾರೆ: ದೂರದ್ದು ಸ್ಪಷ್ಟ, ಹತ್ತಿರದ್ದು ಮಸುಕು. (ಅಂದಹಾಗೆ ನಿಸಾರ್ ಹಾರುವ ಆರು ತಿಂಗಳ ಮೊದಲು ಅಮೆರಿಕದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದ ಹೊರಬರುವ ಆಜ್ಞೆಗೆ ಸಹಿ ಹಾಕಿದ್ದರು. ಭೂಮಿಯನ್ನು ನೋಡುವುದಕ್ಕೆ ಸಹಕಾರವಿದೆ, ಉಳಿಸುವುದಕ್ಕೆ ಇಲ್ಲ. ಈ ವಿಷಯದಲ್ಲಿ ಅವರು ನಮ್ಮವರೇ.)

ದೊಡ್ಡಪ್ಪನಿಗೆ ನಿಸಾರ್ ಬಗ್ಗೆಯೂ ಹೇಳಿದೆ. ಆಕಾಶದಿಂದ ನಮ್ಮ ನೆಲ ಎಷ್ಟು ಕುಸಿದಿದೆ ಎಂದು ನೋಡುತ್ತಾರಂತೆ ಎಂದೆ.

"ನೋಡಿ?"

"ನೋಡಿ... ನಕ್ಷೆ ಮಾಡ್ತಾರೆ."

"ನಂ ಬೋರ್ ಹತ್ರ ಬಂದು ಕೇಳಿದ್ರೆ ನಾನೇ ಹೇಳ್ತಿದ್ನಲ್ಲೋ. ಅಷ್ಟೆತ್ರ ಯಾಕ್ ಹತ್ತಬೇಕಾಗಿತ್ತು?"

ಭೂವಿಜ್ಞಾನದ ಸಹಕಾರ ಇಲ್ಲಿ ಹೊಸದೇನಲ್ಲ. ಕೃಷ್ಣಗಿರಿ, ಧರ್ಮಪುರಿ ಸುತ್ತಿನ ಬಂಡೆಗಳು 250 ಕೋಟಿ ವರ್ಷ ಹಳೆಯವು. ಭೂಮಿಯ ಹೊಟ್ಟೆಯಾಳದಲ್ಲಿ ಬೆಂದ ಕಲ್ಲು ಮೇಲೆ ಕಾಣಸಿಗುವ ಜಾಗವೆಂದು ದೇಶವಿದೇಶದ ಪಂಡಿತರು ಸುತ್ತಿಗೆ ಹಿಡಿದು ಬಂದಿದ್ದಾರೆ. ಗಡಿಯಾಚೆ ಕನಕಪುರದ ಕಬ್ಬಾಳದುರ್ಗದಲ್ಲಿ ಇಂಥ ಕಲ್ಲು ಹುಟ್ಟುವ ಬಗೆಯನ್ನು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಆ ಕಲ್ಲಿನ ಹೆಸರು ಚಾರ್ನೊಕೈಟ್. ಕಲ್ಕತ್ತೆಯಲ್ಲಿ ಸತ್ತ ಜಾಬ್ ಚಾರ್ನಾಕ್ ಎಂಬ ಇಂಗ್ಲಿಷ್ ವ್ಯಾಪಾರಿಯ ಗೋರಿಕಲ್ಲಿನಿಂದ ಬಂದ ಹೆಸರು. ಪಂಡಿತರು ಮುಷ್ಟಿಯಷ್ಟು ಕಲ್ಲು ಒಯ್ದರು. ಅವರ ಹಿಂದೆ ಗ್ರಾನೈಟ್‌ನವರು ಬಂದು ಗುಡ್ಡವನ್ನೇ ಒಯ್ದರು. ಹೆಸರು ಸರಿಯಾಗಿಯೇ ಇದೆ, ಗೋರಿಯಿಂದ ಹುಟ್ಟಿದ್ದು.

ಇನ್ನು ಆನೆ. ಈ ಗಡಿಯಲ್ಲಿ ನಿಜವಾಗಿ ಸಹಕಾರ ತತ್ವ ನಂಬಿದ ಜೀವ ಅದೊಂದೇ. ಬನ್ನೇರುಘಟ್ಟದಿಂದ ಹೊರಟು ತಳಿ, ಜವಳಗಿರಿ ಹಾದು ಸಾನಮಾವು ಕಾಡಿನವರೆಗೆ ಪ್ರತಿ ವರ್ಷ ರಾಗಿ ತೆನೆಗಟ್ಟುವ ಹೊತ್ತಿಗೆ ಹಿಂಡು ಬರುತ್ತದೆ. ಕರ್ನಾಟಕದ ರಾಗಿ, ತಮಿಳುನಾಡಿನ ರಾಗಿ ಎಂದು ಭೇದ ಮಾಡಿದ್ದನ್ನು ಯಾರೂ ಕಂಡಿಲ್ಲ. 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ವಿಶ್ವ ಸಮ್ಮೇಳನ ನಡೆದು, ಏಷ್ಯಾದ ಆನೆಯನ್ನು ಮೊದಲ ಅನುಬಂಧಕ್ಕೆ ಸೇರಿಸಿದರು. ಅಂದರೆ ಅದು ಈಗ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ವಲಸಿಗ. ನಮ್ಮೂರಿನ ಕಡೆ ಆ ಗಣ್ಯ ವಲಸಿಗನಿಗೆ ಸಿಗುವ ಸ್ವಾಗತ ಪಟಾಕಿ. ಈ ರಾಜ್ಯದ ಅರಣ್ಯ ಸಿಬ್ಬಂದಿ ಆ ಕಡೆ ಓಡಿಸುತ್ತಾರೆ, ಆ ರಾಜ್ಯದವರು ಈ ಕಡೆ ಓಡಿಸುತ್ತಾರೆ. ಎರಡೂ ಕಡೆ ದಾಖಲೆಯಲ್ಲಿ 'ಆನೆಗಳನ್ನು ಯಶಸ್ವಿಯಾಗಿ ಹಿಮ್ಮೆಟ್ಟಿಸಲಾಯಿತು' ಎಂದಿರುತ್ತದೆ. ನಡುವೆ ನಿಂತ ರಾಗಿ ಹೊಲದವನು ಇಬ್ಬರ ಯಶಸ್ಸನ್ನೂ ಎಣಿಸುತ್ತಾ ಪರಿಹಾರದ ಅರ್ಜಿ ಬರೆಯುತ್ತಾನೆ, ತಮಿಳಿನಲ್ಲಿ, ಯಾರಿಂದಲಾದರೂ ಬರೆಸಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಒಂದು ಉಪಾಯ ಹೊಳೆದಿದೆ. ದೆಹಲಿಯವರು ದಯವಿಟ್ಟು ಗಂಭೀರವಾಗಿ ಯೋಚಿಸಬೇಕು. ಪಾಕಿಸ್ತಾನದ ಜೊತೆ ಸಿಂಧೂ ನೀರಿನ ಒಪ್ಪಂದವನ್ನು 1960ರಲ್ಲಿ ಮಾಡಿಕೊಂಡೆವು. ನಡುವೆ ಯುದ್ಧಗಳಾದರೂ 2025ರ ಏಪ್ರಿಲಿನಲ್ಲಿ ಅಮಾನತಿನಲ್ಲಿಡುವವರೆಗೆ ಅದು ಬದುಕಿತ್ತು. ಬಾಂಗ್ಲಾದೇಶದ ಜೊತೆ ಗಂಗೆಯ ಒಪ್ಪಂದ 1996ರಲ್ಲಿ ಆಯಿತು. ಹೊರದೇಶದವರೊಂದಿಗೆ ನೀರಿನ ಮಾತು ಆಡಲು ನಮಗೆ ಬರುತ್ತದೆ, ಒಳಗಿನವರೊಂದಿಗೆ ಬಾಯಿ ಕಟ್ಟುತ್ತದೆ. ಆದ್ದರಿಂದ, ನೀರಿನ ಉದ್ದೇಶಕ್ಕೆ ಮಾತ್ರ ಅನ್ವಯಿಸುವಂತೆ, ಕರ್ನಾಟಕವೂ ತಮಿಳುನಾಡೂ ಪರಸ್ಪರ ವಿದೇಶ ಎಂದು ಘೋಷಿಸಿಬಿಡಲಿ. ಆಗ ನೋಡಿ ಮಜಾ. ಅತ್ತಿಬೆಲೆಯಲ್ಲಿ ಒಂದು ರಾಯಭಾರ ಕಚೇರಿ ಬರುತ್ತದೆ. ಪಿನಾಕಿನಿ ಗಡಿಯಾಚೆಗಿನ ನದಿಯಾಗುತ್ತದೆ, ಜಂಟಿ ಆಯೋಗವಾಗುತ್ತದೆ, ಆಯೋಗಕ್ಕೆ ಜಪಾನ್ ಸಾಲ ಕೊಡುತ್ತದೆ, ಹಾಲೆಂಡಿನವರು ತಜ್ಞರನ್ನು ಕಳಿಸುತ್ತಾರೆ, ನಾಸಾದವರು ನಕ್ಷೆ ಕೊಡುತ್ತಾರೆ. ಎರಡು ಮಾಲಿನ್ಯ ನಿಯಂತ್ರಣ ಮಂಡಳಿಗಳ ಅಧಿಕಾರಿಗಳು ಜಿನೀವಾದ ಹೋಟೆಲಿನಲ್ಲಿ ಭೇಟಿಯಾಗಿ, ಒಬ್ಬರಿಗೊಬ್ಬರು ಮೈಸೂರು ಪಾಕು, ತಿರುನೆಲ್ವೇಲಿ ಹಲ್ವಾ ವಿನಿಮಯ ಮಾಡಿಕೊಂಡು, ಕೆಲವರಪಳ್ಳಿಯ ನೊರೆಯ ಫೋಟೋವನ್ನು ಪರದೆಯ ಮೇಲೆ ನೋಡುತ್ತಾರೆ. ಮುಟ್ಟಬೇಕಾಗಿಲ್ಲ, ಮೂಸಬೇಕಾಗಿಲ್ಲ.

ಒಂದು ತೊಡಕಿದೆ. ದೇಶದೇಶಗಳ ನಡುವೆ ಹರಿಯುವ ನದಿಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ 1997ರಲ್ಲಿ ಮತಕ್ಕೆ ಬಂದಾಗ ಭಾರತ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎಂದು ತಟಸ್ಥವಾಗಿತ್ತು. ಬೇರಿಕೆಯವರಿಗೆ ಆ ನಿಲುವು ಅರ್ಥವಾಗುತ್ತದೆ. ನಾವೂ ಅಷ್ಟೇ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ.

ನನ್ನ ಉಪಾಯ ದುಬಾರಿಯೆನಿಸಿದರೆ ಅಗ್ಗದ್ದೊಂದಿದೆ. ಎರಡು ಮಂಡಳಿಗಳಲ್ಲೂ ನೀರು ಅಳೆಯುವ ಜನರಿದ್ದಾರೆ, ಒಳ್ಳೆಯ ರಸಾಯನಶಾಸ್ತ್ರ ಓದಿದವರೇ. ತಿಂಗಳಿಗೊಂದು ದಿನ ಇಬ್ಬರೂ ಹೊಳೆ ಗಡಿ ದಾಟುವ ಜಾಗಕ್ಕೆ ಬರಲಿ. ಒಂದೇ ಬಕೆಟ್ಟಿನಿಂದ ಇಬ್ಬರೂ ಒಂದೊಂದು ಸೀಸೆ ತುಂಬಿಕೊಂಡು ಹೋಗಲಿ. ಬಂದ ಅಂಕಿಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಒಂದೇ ಹಲಗೆಯ ಮೇಲೆ ಬರೆಯಲಿ. ಬೆಂಗಳೂರಿನಲ್ಲಿ ಮಳೆ ಬಿದ್ದು ವರ್ತೂರು ಕೋಡಿ ಹೋದ ರಾತ್ರಿ ಅಲ್ಲಿಂದ ಇಲ್ಲಿಗೊಂದು ಫೋನು ಬರಲಿ, ನಮ್ಮವರು ಅಂದು ಕಾಲುವೆಯ ನೀರನ್ನು ಬೆಳೆಗೆ ತಿರುಗಿಸದೆ ಕಾಯುತ್ತಾರೆ. ಇದಕ್ಕೆ ಸಾಲ ಬೇಡ, ಉಪಗ್ರಹ ಬೇಡ, ರಿಬ್ಬನ್ ಬೇಡ. ರಿಬ್ಬನ್ ಇಲ್ಲವೆಂಬ ಕಾರಣಕ್ಕೇ ಇದು ಆಗುವುದಿಲ್ಲವೇನೋ ಎಂಬ ಅನುಮಾನ ನನಗಿದೆ.

ಆದರೂ ಕರೆಯುತ್ತಿದ್ದೇನೆ. ಬನ್ನಿ ಸಾರ್, ಇಬ್ಬರೂ ಬನ್ನಿ. ಊಟ ದೊಡ್ಡಪ್ಪನ ಮನೆಯಲ್ಲಿ, ಮುದ್ದೆ ಬಸ್ಸಾರು. ಹೋಗುವಾಗ ಮನೆಯವರಿಗೆ ಎಂದು ಒಂದೊಂದು ಕಟ್ಟು ಗುಲಾಬಿ ಕೊಡುತ್ತೇವೆ. ಕುಡಿಯುವ ನೀರು ಮಾತ್ರ ಬಾಟಲಿಯಲ್ಲಿ ತನ್ನಿ. ಅತ್ತಿಬೆಲೆಯಿಂದ ಹೊಸೂರಿಗೆ ಬಸ್ಸಿದೆ, ಹೊಸೂರಿನಿಂದ ಬೇರಿಕೆಗೂ ಬಸ್ಸಿದೆ.